ಐದನೆಯ ನಗುಮುಖ

“ಅಜ್ಜೀ, ಬಾಯಲ್ಲೇನು?” ಹೋಟೆಲುಗಳ ಸ್ವಚ್ಛತೆಗೆ ಅಂಕ ಕೊಡಲು ಬಂದ ಅಧಿಕಾರಿ ಕೇಳಿದಾಗ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಬಾಯಿ ತುಂಬ ಎಲೆಅಡಿಕೆ ಇತ್ತು. ನನ್ನ ಮೊಮ್ಮಗಳು ಸುಮಾ ಗೋಣಿಬೀಡಿನಲ್ಲಿ ಹೊಸದಾಗಿ ತೆರೆದ ಹೋಟೆಲು ಅದು. ನೀರು, ಪಾತ್ರೆ, ಕೈಯುಗುರು ಎಲ್ಲ ನೋಡಿ ಹೋದರು. ವಾರದ ಮೇಲೆ ಕಾಗದ ಬಂತು. ಅಂಕದ ಬದಲು ನಗುಮುಖದ ಚಿತ್ರಗಳು: ಐದಕ್ಕೆ ನಾಲ್ಕು! ಹೋದ ಒಂದು ನನ್ನ ಬಾಯಿಂದಲೇ ಹೋಗಿತ್ತು.

ಸುಮಾ ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕುಬಿಟ್ಟಳು. “ಅಡುಗೆಮನೆ ಬೇಕಾ, ಎಲೆಅಡಿಕೆ ಬೇಕಾ, ಹೇಳು ಅಜ್ಜಿ ಮಾರಾಯ್ತಿ!” ಎಲೆ ಸಂಚಿಯನ್ನು ಸೊಂಟದಿಂದ ಬಿಚ್ಚಿ ಅವಳ ಕೈಗೆ ಕೊಟ್ಟೆ.

ಹೆಚ್ಚು ಓದದ ನಾನೂ ಗೋಡೆಗೆ ಅಂಟಿಸಿದ ಆ ಕಾಗದದ ನಾಲ್ಕು ಮುಖಗಳನ್ನು ದಿನಾ ಎಣಿಸಿ ಹಿಗ್ಗುತ್ತೇನೆ. ಐದನೆಯದನ್ನು ತಂದೇ ತರುತ್ತೇನೆ. ಆ ಅಧಿಕಾರಿ ಮತ್ತೆ ಬರಲಿ, ಅವರು ಕೇಳುವ ಮೊದಲೇ ಬಾಯಿ ತೆರೆದು ತೋರಿಸುತ್ತೇನೆ!