ಲೇಪದಡಿಯ ಉಪ್ಪು

ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡುವ ಚಟವೊಂದು ಈಚೆಗೆ ನನಗೆ ಅಂಟಿಕೊಂಡಿದೆ. ಧೂಳು ಪರೀಕ್ಷಿಸುತ್ತಿದ್ದೇನೆಂದು ತಿಳಿದು ಗೃಹಿಣಿಯರ ಮುಖ ಸಪ್ಪಗಾಗುವುದನ್ನು ಕಂಡಿದ್ದೇನೆ. ನಾನು ಹುಡುಕುವುದು ಧೂಳನ್ನಲ್ಲ, ಗುಳ್ಳೆಗಳನ್ನು. ನಮ್ಮ ಕಡಲಗಾಳಿಗೆ ಬರಿಯ ಅಲ್ಯೂಮಿನಿಯಂ ಒಡ್ಡಿದರೆ ಕೆಲವೇ ಮಳೆಗಾಲಗಳಲ್ಲಿ ಅದರ ಮೈಮೇಲೆ ವಿಭೂತಿ ಬಳಿದಂತೆ ಬಿಳಿಪುಡಿ ಏಳುತ್ತದೆ. ಅದಕ್ಕೆ ರಕ್ಷೆಯೂ ಆಗಲಿ, ಅಲಂಕಾರವೂ ಆಗಲಿ ಎಂದು ಬಣ್ಣದ ಪುಡಿಯನ್ನು ವಿದ್ಯುತ್ತಿನ ಬಲದಿಂದ ಲೋಹಕ್ಕೆ ಅಂಟಿಸಿ, ಆಳೆತ್ತರದ ಒಲೆಯೊಳಗಿಟ್ಟು ಬೇಯಿಸುವ ಪೌಡರ್ ಕೋಟಿಂಗ್ ಎಂಬ ವಿದ್ಯೆಯಿದೆ. ಅದು ನಮ್ಮ ಮನೆಗೆ ಬಂದದ್ದು ಮಗಳು ಶುಭದಾಳಿಂದ.

ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನಿರ್ಲಿಪ್ತನಾಗಿ ಬದುಕಬೇಕೆಂದು ನಾನು ನಿಶ್ಚಯಿಸಿದ್ದೆ. ನಿರ್ಲಿಪ್ತನೆಂದರೆ ಯಾವ ಲೇಪವೂ ಅಂಟದವನು. ಗೋವೆಯ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತ ಮಗಳು ಅದೇ ವರ್ಷ ಅವರ್ಸಾದ ಹೆದ್ದಾರಿಯ ಪಕ್ಕ ಶೆಡ್ಡು ಹಾಕಿ, ಲೇಪನವನ್ನೇ ಕಸುಬಾಗಿಸಿಕೊಂಡಳು. ಅಪ್ಪನ ನಿರ್ಲಿಪ್ತತೆ ಅಲ್ಲಿಗೆ ಸಮಾಪ್ತವಾಯಿತು.

ಇಡೀ ಮನೆಯ ಕಿಟಕಿಗಳ ಕೆಲಸವನ್ನು ಅವಳಿಗೆ ಮೊದಲು ಒಪ್ಪಿಸಿದವರು ಸದಾಶಿವಗಡದ ತುಳಸಿಬಾಯಿ. ಗಂಡ ತೀರಿಕೊಂಡ ಮೇಲೆ ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ, ಕಾಳಿ ನದಿಯ ದಂಡೆಯಲ್ಲಿ ಮನೆ ಕಟ್ಟಿಸಿದ ಹೆಂಗಸು. ಗಂಡನ ದೋಣಿಯ ಹಲಗೆಯ ತುಂಡೊಂದನ್ನು ತಂದು, ಕಿಟಕಿಗಳಿಗೆ ಇದೇ ನೀಲಿ ಬೇಕೆಂದು ಕೇಳಿದ್ದರು. ಶುಭದಾ ಪುಡಿ ಬದಲಿಸಿ ಬದಲಿಸಿ ಆ ನೀಲಿಯನ್ನೇ ಹಿಡಿದಳು. ವೈಶಾಖದ ಸುಡುಬಿಸಿಲಲ್ಲಿ ಕಿಟಕಿಗಳು ಕೂತವು. ಹಾದುಹೋಗುವವರು ನಿಂತು ನೋಡಿದರು. ನಾನು ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದೆ.

ಶ್ರಾವಣದಲ್ಲಿ ಕರೆ ಬಂತು. ನಾವಿಬ್ಬರೂ ಹೋಗಿ ನೋಡಿದರೆ ಚೌಕಟ್ಟಿನ ಅಂಚುಗಳಲ್ಲಿ, ಬಣ್ಣದ ಅಡಿಯಲ್ಲಿ, ಎಳೆಹುಳ ಹರಿದಂತೆ ಸಣ್ಣ ಗೆರೆಗಳು, ಮೂಲೆಗಳಲ್ಲಿ ಗುಳ್ಳೆಗಳು. ತುಳಸಿಬಾಯಿ ಬೈಯಲಿಲ್ಲ. ಉಗುರಿನಿಂದ ಒಂದು ಗುಳ್ಳೆ ಒತ್ತಿದರು. ನೀಲಿ ಕಳಚಿ ಅವರ ಬೆರಳಿಗೆ ಬಂತು. ಅದನ್ನು ಒರೆಸಿಕೊಳ್ಳದೆ ಶುಭದಾಳ ಮುಂದೆ ಹಿಡಿದರು.

ಮಾರ್ಕೆಟ್ಟಿನ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳಿಸುವ ಕಂಠ ಅವರದು. ಆ ಕಂಠದಲ್ಲಿ ಮಗಳ ಹೆಸರು ಹೇಗೆ ಕೇಳಿಸೀತು ಎಂಬ ಚಿಂತೆಯಲ್ಲಿ, ಹಿಂದಿರುಗುವಾಗ ಸೇತುವೆಯ ಮೇಲೆ ನಾನು ಬುದ್ಧಿವಾದ ಶುರುಮಾಡಿದೆ: ತಪ್ಪು ಕಡಲಗಾಳಿಯದೆಂದರೆ ಆಯಿತು, ಗಾಳಿಯೇನು ಬಂದು ಸಾಕ್ಷಿ ಹೇಳುತ್ತದೆಯೇ? ಸೇತುವೆ ಮುಗಿದಲ್ಲಿ ಅವಳು ಸ್ಕೂಟರ್ ನಿಲ್ಲಿಸಿ ತಿರುಗಿದಳು.

“ಗಾಳಿ ಹೊರಗಿಂದ ಬತ್ತದೆ ಅಪ್ಪಾ. ಇದು ಒಳಗಿಂದ ಎದ್ದದ್ದು,” ಎಂದಳು.

ಆಮೇಲಿನ ದಿನಗಳಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ. ಚಹಕ್ಕೆ ನೀರಿಟ್ಟು ಪುಡಿ ಹಾಕುವುದನ್ನು ಮರೆತೆ. ಬಸ್ಸು ಹತ್ತಿ ಅವರ್ಸಾಕ್ಕೆ ಹೋಗಿ ಶೆಡ್ಡಿನಲ್ಲಿ ಎಲ್ಲರ ಕಾಲಿಗೂ ಅಡ್ಡಬಂದೆ. ಅದನ್ನು ತರಲು, ಇದನ್ನು ತರಲು ಎಂದು ಅವಳು ನನ್ನನ್ನು ಅಂಕೋಲೆಯ ಪೇಟೆಗೆ ಅಟ್ಟುತ್ತಿದ್ದಳು. ತಂದ ವಸ್ತುಗಳನ್ನು ಬಳಸಿದ್ದನ್ನು ಮಾತ್ರ ನಾನು ಕಾಣಲಿಲ್ಲ.

ಉತ್ತರ ಸಿಕ್ಕಿದ್ದು ಒಂದು ತಿರಸ್ಕೃತ ತುಂಡಿನಲ್ಲಿ. ಬೇಸಿಗೆಯಲ್ಲಿ ತೊಳೆದು, ಬಣ್ಣ ಹಾಕದೆ ಮೂಲೆಗಿಟ್ಟಿದ್ದ ಆ ಪಟ್ಟಿಯನ್ನು ಅವಳು ನಾಲಿಗೆಗೆ ತಾಗಿಸಿ ನೋಡಿದಳು. ನನಗೂ ಕೊಟ್ಟಳು. ಉಪ್ಪು. ಕಡುಬೇಸಿಗೆಯಲ್ಲಿ ಶೆಡ್ಡಿನ ಬಾವಿಗೆ ಉಪ್ಪುನೀರು ಬಂದಿತ್ತು. ಬಣ್ಣಕ್ಕೆ ಮುಂಚೆ ಲೋಹವನ್ನು ಕೊನೆಯದಾಗಿ ತೊಳೆದದ್ದು ಅದೇ ನೀರಿನಲ್ಲಿ. ಕಡಲನ್ನು ಹೊರಗಿಡಬೇಕಾದ ಲೇಪದ ಅಡಿಯಲ್ಲಿ ಕಡಲೇ ಕೂತಿತ್ತು.

ಅಂದೇ ಅವಳು ಸದಾಶಿವಗಡಕ್ಕೆ ಹೊರಟಳು. ಬೇಡವೆಂದರೂ ನಾನು ಸ್ಕೂಟರಿನ ಹಿಂದೆ ಹತ್ತಿದೆ. ತಪ್ಪು ಗಾಳಿಯದಲ್ಲ, ತನ್ನದು ಎಂದು ತುಳಸಿಬಾಯಿಗೆ ಹೇಳಿದಳು. ಎಲ್ಲ ಕಿಟಕಿ ಬಿಚ್ಚಿ, ಬಣ್ಣ ತೆಗೆದು, ಮತ್ತೆ ಮಾಡಿಕೊಡುತ್ತೇನೆ ಎಂದಳು. ಈ ಮಳೆಯಲ್ಲಿ ಕಿಟಕಿಯಿಲ್ಲದೆ ಇರುವುದು ಹೇಗೆಂದು ತುಳಸಿಬಾಯಿ ಕೇಳಿದರು. ಒಂದೊಂದೇ ಕೋಣೆಯದು ಒಯ್ಯುತ್ತೇನೆ, ತಾಡಪತ್ರಿ ಕಟ್ಟಿಕೊಡುತ್ತೇನೆ ಎಂದಳು.

ಶೆಡ್ಡಿನ ತಗಡಿನಿಂದ ಇಳಿಯುವ ನೀರಿಗೆ ಡ್ರಮ್ಮುಗಳನ್ನಿಟ್ಟಳು. ಕಡಲಿನ ಮೇಲಿಂದಲೇ ಬಂದ ಮಳೆ, ಉಪ್ಪನ್ನೆಲ್ಲ ಅಲ್ಲೇ ಬಿಟ್ಟು ಬಂದಿತ್ತು. ಆ ನೀರಿನಲ್ಲೇ ಕೊನೆಯ ತೊಳೆತ. ತಾಡಪತ್ರಿಯ ಹಗ್ಗ ಹಿಡಿಯುವ ಅಧಿಕಾರ ನನಗೆ ಸಿಕ್ಕಿತು. ನಾನು ಹಾಕಿದ ಗಂಟುಗಳನ್ನು ತುಳಸಿಬಾಯಿ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಕೊನೆಯ ಕಿಟಕಿ ಕೂತ ಮಧ್ಯಾಹ್ನ ಹೊಳೆಯ ಕಡೆಯಿಂದ ಮಳೆ ಬಂತು. ಇನ್ನು ಬಣ್ಣ ಏಳುವುದಿಲ್ಲ ತಾನೇ ಎಂದು ತುಳಸಿಬಾಯಿಯ ಎದುರೇ ಕೇಳಿಬಿಟ್ಟೆ. ಒಂದೆರಡು ಮಳೆಗಾಲ ಕಳೆಯದೆ ಏನೂ ಹೇಳಲಾರೆ ಎಂದಳು ಮಗಳು. ನಾನು ಹೋಗಿ ಚೌಕಟ್ಟಿನ ಮೂಲೆಗಳ ಮೇಲೆ ಬೆರಳಾಡಿಸತೊಡಗಿದೆ.

“ಹೇಳೂದು ಬೇಡ,” ಎಂದರು ತುಳಸಿಬಾಯಿ. “ಎದ್ರೆ ನಾ ಕರೀತೆ. ಕರೆದ್ರೆ ನೀ ಬತ್ತೆ. ಅದು ಗೊತ್ತಾಯ್ತಲ್ಲ, ಸಾಕು.” ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ್ರೇ, ನೀವು ಇನ್ನಾದ್ರೂ ಕೂತ್ಕಳಿ,” ಎಂದು ಚಹ ಮಾಡಲು ಒಳಗೆ ಹೋದರು.

ನಾನು ಕೂತೆ. ಮಳೆ ಜೋರಾಯಿತು. ಶುಭದಾ ಎದ್ದುಹೋಗಿ ಕಿಟಕಿ ಮುಚ್ಚಿದಳು.