ಮಂಗಳದಲ್ಲಿ ಮೂರು ಶಿಫ್ಟು

ಟಿವಿ ಇದ್ದವರ ಮನೆ ಕಿಟಕಿಗೆ ನಾವೆಲ್ಲ ಜೋತುಬೀಳುತ್ತಿದ್ದ ಕಾಲ ಅದು. ಗಡಿಯಾಚೆ, ತಮಿಳುನಾಡಿನ ಹೊಸೂರಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದ ಬೇಸಿಗೆ, ಅಪ್ಪನ ಜೊತೆ ಹಳೇ ಪೇಪರ್ ಅಂಗಡಿಗೆ ಹೋದಾಗ ರದ್ದಿಯ ರಾಶಿಯಲ್ಲಿ ಒಂದು ಪುಸ್ತಕ ಕಂಡಿತು. ರಟ್ಟಿನ ಮೇಲೆ ತಲೆಗೆ ಗಾಜಿನ ಬುರುಡೆ ತೊಟ್ಟ ಮನುಷ್ಯ, ಸುತ್ತ ಕಪ್ಪು, ಮೂಲೆಯಲ್ಲೊಂದು ಕೆಂಪು ಗುಂಡು. ಅದನ್ನು ಎದೆಗವಚಿಕೊಂಡು ನಿಂತೆ.

“ತಮಿಳು ಬುಕ್ಕು ಕಣಮ್ಮ. ನಿಂಗೆ ಬರಾಕಿಲ್ಲ,” ಅಂದ ಅಪ್ಪ.

“ನಿಂಗೆ ಬತ್ತದಲ್ಲಪ್ಪ. ಓದಿ ಹೇಳು.”

ಅಪ್ಪ ಒಂದು ಗಳಿಗೆ ಅಂಗಡಿಯವನ ಮುಖ ನೋಡಿದ. “ಬರ್ದೆ ಏನು. ಫ್ಯಾಕ್ಟ್ರೀಲಿ ದಿನಾ ಮಾತಾಡೋದೇ ತಮಿಳು.”

ಮೊದಲ ಶಿಫ್ಟು ಮುಗಿಸಿ ಬಂದು, ಸೀಮೆಎಣ್ಣೆ ಹಚ್ಚಿ ಕೈಯ ಗ್ರೀಸ್ ತೊಳೆದು, ಅಪ್ಪ ಹೊಸಿಲಲ್ಲಿ ಕೂತು ಓದುತ್ತಿದ್ದ. ನಾನು ಪಾತ್ರೆಯೊಂದನ್ನು ತಲೆಗೆ ಬೋರಲು ಹಾಕಿಕೊಂಡು, ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದೆ. ಗಾಜಿನ ತಲೆಯವನು ಮಂಗಳ ಗ್ರಹದಲ್ಲಿ ಇಳಿದಿದ್ದ. ಅಲ್ಲೊಂದು ಫ್ಯಾಕ್ಟರಿ, ಮೂರು ಶಿಫ್ಟು. ಅಲ್ಲಿಯ ಜನ ತಮ್ಮ ನೆರಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

“ಅಲ್ಲೂ ಓಟಿ ದುಡ್ಡು ಕೊಡ್ತಾರಾ ಕೇಳು,” ಅಮ್ಮ ಒಳಗಿನಿಂದ ಕಿಚಾಯಿಸುತ್ತಿದ್ದಳು.

“ಮುಂದಿನ್ ಪುಟ್ದಾಗೈತೆ, ಸುಮ್ಕಿರೇ.”

ಆ ಜೂನಿನಲ್ಲಿ ಅಪ್ಪನೇ ನನ್ನನ್ನು ತಮಿಳು ಶಾಲೆಗೆ ಸೇರಿಸಿದ. ನಾನು ಅಕ್ಷರ ಕೂಡಿಸಿ ಅಂಗಡಿ ಬೋರ್ಡು ಓದತೊಡಗಿದ ವಾರವೇ ಪುಸ್ತಕ ಕಾಣೆಯಾಯಿತು. “ಇಲಿ ತಿಂದ್ಬುಡ್ತು ಕಣಮ್ಮ,” ಅಂದ. ಕಥೆಯಲ್ಲಿ ಗಾಜಿನ ತಲೆಯವನ ನೆರಳು ಆಗಷ್ಟೇ ಕಳೆದುಹೋಗಿತ್ತು. ಎರಡು ದಿನ ಅತ್ತೆ.

ಹೋದ ತಿಂಗಳು ಅಪ್ಪ ತೀರಿಕೊಂಡ. ಕಾರ್ಯವೆಲ್ಲ ಮುಗಿದ ಮೇಲೆ ಮೇಲಿನ ಸಜ್ಜಾ ಖಾಲಿ ಮಾಡುವಾಗ, ಅವನ ಹಳೇ ಯೂನಿಫಾರಂನಲ್ಲಿ ಸುತ್ತಿಟ್ಟಿದ್ದ ಆ ಪುಸ್ತಕ ಕೈಗೆ ಬಂತು. ಒಂದು ಹಾಳೆಗೂ ಇಲಿಯ ಹಲ್ಲು ತಾಗಿರಲಿಲ್ಲ. ಅಪ್ಪನ ಕಥೆ ಇನ್ನೊಮ್ಮೆ ಸಿಕ್ಕಿತೆಂದು ನೆಲದ ಮೇಲೇ ಕೂತು ಓದಿದೆ. ಮೊದಲಿಂದ ಕೊನೆಯವರೆಗೂ ಸಮುದ್ರ. ಗಾಜಿನ ತಲೆಯವನು ಇಳಿಯುವುದು ಸಮುದ್ರದ ತಳದ ಊರಿಗೆ. ಕೆಂಪು ಗುಂಡು ಅಲ್ಲಿಯ ದೀಪ. ಮಂಗಳವಿಲ್ಲ, ಫ್ಯಾಕ್ಟರಿಯಿಲ್ಲ, ನೆರಳಿನ ಮಾತೇ ಇಲ್ಲ. ಮತ್ತೆ ಮೊದಲಿಂದ ತಿರುವಿ ನೋಡಿದೆ.

ಪುಸ್ತಕವನ್ನು ಅಮ್ಮನ ಮುಂದೆ ಹಿಡಿದೆ. ಅವಳು ಅದನ್ನು ನೋಡಲೂ ಇಲ್ಲ.

“ನಿಮ್ಮಪ್ಪಂಗೆ ತಮಿಳು ಮಾತಾಡಾಕೆ ಬತ್ತಿತ್ತು. ಓದಾಕೆ ಎಲ್ಲಿ ಬತ್ತಿತ್ತಮ್ಮ? ಬಸ್ಸೂ ನಂಬರ್ ನೋಡ್ಕಂಡೇ ಹತ್ತೋರು.”

“ನೀನ್ಯಾಕೆ ಹೇಳ್ಲಿಲ್ಲ?”

“ಕಥೆ ನಾನೂ ಕೇಳ್ತಿದ್ನಲ್ಲ.”

ಈಗ ಇಬ್ಬರೂ ಕೂತು ನೆನಪಿದ್ದಷ್ಟು ಕೂಡಿಸುತ್ತೇವೆ. ಆ ನೆರಳು ಕೊನೆಗೆ ಸಿಕ್ಕಿತೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಯಾವತ್ತಾದರೂ ಅಪ್ಪನನ್ನೇ ಕೇಳಬಹುದಿತ್ತು. ಪುಸ್ತಕದಲ್ಲಿದೆ, ಅದರ ಇನ್ನೊಂದು ಪ್ರತಿ ಎಂದಾದರೂ ಸಿಗುತ್ತದೆ ಅಂದುಕೊಂಡು ನಾನು ಕೇಳಲೇ ಇಲ್ಲ.