ಗ್ರಂಥಿಗೆ ಅಂಗಡಿಯ ಕಮಲಾಕ್ಷಮ್ಮನವರ ಮೂಗು

ನನ್ನ ಹೆಸರು ಓಬಳರಾಜು. ಮಧುಗಿರಿಯಲ್ಲಿ, ಬೆಟ್ಟದ ಕಡೆಗೆ ಹೋಗುವ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಹೆಂಗಸರ ರವಿಕೆ ಹೊಲಿಯುತ್ತಿದ್ದೇನೆ. ಕೈ ಚೆನ್ನ, ಬಾಯಿ ಕೆಟ್ಟದ್ದು ಎಂದು ಬೀದಿಯವರು ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ. ವರ್ಷಕ್ಕೆ ಹತ್ತು ಕೆಜಿ ದಪ್ಪಗಾಗಿ ಬಂದು ತೋಳು ಬಿಗಿ ಅಂತ ಜಗಳ ತೆಗೆಯುವವರಿಗೆ ಇನ್ನು ಹೇಗೆ ಉತ್ತರ ಕೊಡಬೇಕು? ಆದರೆ ಈಗ ಹೇಳಬೇಕಾದದ್ದು ನನ್ನ ವಿಷಯವಲ್ಲ. ಪಕ್ಕದ ಅಂಗಡಿಯ ಕಮಲಾಕ್ಷಮ್ಮನವರದು. ಅವರ ಅಂಗಡಿಯನ್ನು ಬೀಗ ಬೀಳುವ ಹಂತಕ್ಕೆ ತಂದವನು ನಾನೇ ಆದ್ದರಿಂದ ನಾನೇ ಹೇಳಬೇಕು.

ಅವರದು ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಸಾಂಬ್ರಾಣಿ ಒಂದು ಕಡೆ. ಬಜೆ, ಹಿಪ್ಪಲಿ, ಒಣಶುಂಠಿ, ಅಳಲೆಕಾಯಿ ಇನ್ನೊಂದು ಕಡೆ. ಮನೆಯಲ್ಲಿ ಹೋಮ ಮಾಡಿಸಿದರೂ ಅಲ್ಲಿಗೇ ಬರಬೇಕು, ಮಗು ಹುಟ್ಟಿದರೂ ಅಲ್ಲಿಗೇ ಬರಬೇಕು. ಬೋರ್ಡಿನ ಮೇಲೆ ದೇವರ ಹೆಸರಿದೆ. ಬಡವನಹಳ್ಳಿ ಕಡೆಯಿಂದ ಬಸ್ಸಿಳಿದು ಬರುವವರು ಮಾತ್ರ ಇವತ್ತಿಗೂ ‘ರೇಣುಕಯ್ಯನೋರ ಅಂಗಡಿ ಯಾವ್ದು?’ ಎಂದೇ ಕೇಳುತ್ತಾರೆ. ರೇಣುಕಯ್ಯನವರು ಕಮಲಾಕ್ಷಮ್ಮನವರ ಮಾವ. ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು.

ಆ ಮಹಾನುಭಾವರದೊಂದು ಹಠವಿತ್ತು. ಅಂಗಡಿಯ ಯಾವ ಡಬ್ಬಿಯ ಮೇಲೂ ಹೆಸರು ಬರೆಯಕೂಡದು. ಗೋಡೆಯ ತುಂಬ ಅರವತ್ತು ಚಿಲ್ಲರೆ ತಗಡಿನ ಡಬ್ಬಿಗಳು, ಒಂದಕ್ಕೂ ಚೀಟಿಯಿಲ್ಲ. ‘ಚೀಟಿ ಅಂಟಿಸಿದ್ರೆ ಮೂಗು ಸೋಮಾರಿ ಆಗ್ತದೆ’ ಅನ್ನುತ್ತಿದ್ದರಂತೆ. ತೋವಿನಕೆರೆಯಿಂದ ಸೊಸೆಯಾಗಿ ಬಂದ ಹತ್ತೊಂಬತ್ತರ ಹುಡುಗಿಯನ್ನು ಎದುರು ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಒಂದೊಂದೇ ಪುಡಿಯನ್ನು ಮೂಗಿನ ಹತ್ತಿರ ಹಿಡಿದು ಹೆಸರು ಹೇಳಿಸುತ್ತಿದ್ದರು. ಆರು ತಿಂಗಳಿಗೆ ಸೊಸೆ ಮಾವನನ್ನೇ ಮೀರಿಸಿದಳು. ಗೋಣಿಯಲ್ಲಿ ಹುಳ ಹಿಡಿದ ಶುಂಠಿ ಒಂದು ತುಂಡಿದ್ದರೆ ಸಾಕು, ಗೋಣಿಯ ಬಾಯಿ ಬಿಚ್ಚುವ ಮೊದಲೇ ‘ವಾಪಸ್ ತಗೊಂಡೋಗಿ’ ಅನ್ನುತ್ತಿದ್ದರು. ಗಂಡ ಚನ್ನಮಲ್ಲಯ್ಯನವರು ಹೋದ ಮೇಲೆ ಆ ಮೂಗೇ ಅವರನ್ನೂ ಮಗಳು ಯಶಸ್ವಿನಿಯನ್ನೂ ಸಾಕಿತು.

ಬಾಣಂತಿ ಸಾಮಾನು ಕಟ್ಟುವಾಗ ಅವರದೊಂದು ಪದ್ಧತಿ. ಕಾಗದದ ಮೇಲೆ ಹಾಕಿದ ಪ್ರತಿ ಪುಡಿಯನ್ನೂ ಮೊದಲು ತಾವು ಮೂಸುವುದು, ಆಮೇಲೆ ಕೊಳ್ಳಲು ಬಂದವರಿಗೂ ಮೂಸಿಸುವುದು. ‘ಏನಮ್ಮ ಇದು, ಹೇಳು ನೋಡಾನ’ ಎಂದು ಪಾಠ ಒಪ್ಪಿಸಿಕೊಳ್ಳುವುದು. ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸಿದರೂ ಬಿಡುತ್ತಿರಲಿಲ್ಲ. ‘ಮಗೀನ ಬಾಯಿಗೆ ಹೋಗೋದು ತಾಯಿಗೆ ಗೊತ್ತಿರಬೇಕು, ಬಸ್ಸು ಇನ್ನೊಂದು ಬತ್ತದೆ’ ಅನ್ನುತ್ತಿದ್ದರು. ನಾನು ನನ್ನ ಮೆಷಿನ್ ತುಳಿಯುತ್ತಾ ಇದನ್ನೆಲ್ಲ ಕೇಳಿ ನಗುತ್ತಿದ್ದೆ. ನನಗಂತೂ ಅಲ್ಲಿ ಯಾವ ವಾಸನೆಯೂ ಬರುತ್ತಿರಲಿಲ್ಲ. ಇಪ್ಪತ್ತರ ವಯಸ್ಸಿನಿಂದ ನಶ್ಯ ಏರಿಸಿದವನು ನಾನು. ‘ದೇವರು ಕೊಟ್ಟ ಮೂಗಿಗೆ ಮಣ್ಣು ತುಂಬ್ತೀಯಲ್ಲೋ ಓಬಳರಾಜು’ ಎಂದು ದಿನಕ್ಕೊಂದು ಸಲ ಬೈಯದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

ಹೋದ ವರ್ಷ ಆಯುಧಪೂಜೆಗೆ ನಾಲ್ಕು ದಿನವಿತ್ತು. ಬೀದಿಯಲ್ಲೆಲ್ಲ ಅಂಗಡಿ ತೊಳೆಯುವ, ಬಣ್ಣ ಬಳಿಯುವ ಗಲಾಟೆ. ಕಮಲಾಕ್ಷಮ್ಮನವರು ತಮ್ಮನ ಮನೆಯ ಗೃಹಪ್ರವೇಶವೆಂದು ಬೀಗದ ಕೈ ನನ್ನ ಹತ್ತಿರ ಕೊಟ್ಟು ತೋವಿನಕೆರೆಗೆ ಹೋದರು. ಎರಡು ದಿನ. ನನಗೆ ಆಗ ಒಂದು ಒಳ್ಳೆ ಬುದ್ಧಿ ಬಂತು. ನನಗೆ ಒಳ್ಳೆ ಬುದ್ಧಿ ಬಂದಾಗಲೆಲ್ಲ ಯಾರಿಗಾದರೂ ಗ್ರಹಚಾರ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ. ಅರವತ್ತೆರಡು ವರ್ಷದ ಹೆಂಗಸು, ಒಬ್ಬರೇ, ಏಣಿ ಹತ್ತಿ ಡಬ್ಬಿ ಇಳಿಸುವುದು ಯಾಕೆ, ನಾನೇ ಮಾಡಿಬಿಡೋಣ ಎಂದುಕೊಂಡೆ. ಎಲ್ಲ ಡಬ್ಬಿ ಇಳಿಸಿದೆ. ಧೂಳು ಒರೆಸಿದೆ. ಹಲಗೆಗಳಿಗೆ ನೀಲಿ ಬಣ್ಣ ಬಳಿದೆ. ಒಣಗಿದ ಮೇಲೆ ದೊಡ್ಡವು ಕೆಳಗೆ, ಸಣ್ಣವು ಮೇಲೆ, ಒಂದೇ ಎತ್ತರದವು ಒಂದೇ ಸಾಲಿಗೆ ಬರುವಂತೆ ಜೋಡಿಸಿದೆ. ಕವಾಯತಿಗೆ ನಿಂತ ಪೊಲೀಸರ ಹಾಗೆ ಕಾಣುತ್ತಿತ್ತು. ನಾನೇ ಎರಡು ಸಲ ಬೀದಿಯ ಆಚೆಗೆ ಹೋಗಿ ನಿಂತು ನೋಡಿ ಬಂದೆ.

ಕಮಲಾಕ್ಷಮ್ಮನವರು ಬೆಳಿಗ್ಗೆ ಬಸ್ಸಿಳಿದು ಬಂದರು. ಹೊಸ್ತಿಲಲ್ಲೇ ನಿಂತುಬಿಟ್ಟರು.

“ಯಾರು ಜೋಡಿಸಿದ್ದು?”

“ನಾನೇ ಅಕ್ಕ! ಹೆಂಗೈತೆ?”

ಅವರು ಕೈಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ನನಗೆ ಸಿಟ್ಟು ಬಂತು. ಎರಡು ದಿನ ನನ್ನ ಕೆಲಸ ಬಿಟ್ಟು, ದಸರಾ ರವಿಕೆಗಳನ್ನೆಲ್ಲ ಹಾಗೇ ಬಿಟ್ಟು ದುಡಿದಿದ್ದೇನೆ, ಚೆನ್ನಾಗಿದೆ ಅನ್ನೋಕೂ ಬಾಯಿ ಬರಲ್ಲವೇ?

“ಏನಕ್ಕ, ಒಂದು ಒಳ್ಳೆ ಮಾತಿಗೂ ಗತಿ ಇಲ್ವಾ ನಿಮ್ಮತ್ರ? ಬಣ್ಣ ಹಿಡಿಸ್ಲಿಲ್ಲ ಅಂದ್ರೆ ಅದನ್ನಾದ್ರೂ ಹೇಳಿ!”

“ನನಗೆ ವಾಸನೆ ಬರಲ್ಲ ಓಬಳರಾಜು,” ಅಂದರು.

ಬಣ್ಣದ ವಾಸನೆಗೆ ಮೂಗು ಕಟ್ಟಿರಬೇಕು ಎಂದೆ. ಅವರು ತಲೆಯಾಡಿಸಿದರು.

“ಯಾವ ವಾಸನೇನೂ ಬರಲ್ಲ. ಕೊರೊನಾ ಎರಡನೇ ಸಲ ಬಂತಲ್ಲ, ಜ್ವರದಲ್ಲಿ ಮಲಗಿದ್ನಲ್ಲ, ಆವಾಗ ಹೋಗಿದ್ದು. ತುಮಕೂರಲ್ಲಿ ತೋರಿಸ್ದೆ. ಬಂದ್ರೂ ಬರಬೌದು, ಇಲ್ದಿದ್ರೂ ಇಲ್ಲ ಅಂದ್ರು. ಬರಲಿಲ್ಲ. ಮೇಲಿಂದ ಮೂರನೇ ಸಾಲು, ಎಡಗಡೆಯಿಂದ ಐದನೇದು ಶುಂಠಿ, ಅದರ ಪಕ್ಕದ್ದು ಹಿಪ್ಪಲಿ, ಅಂಗೆ ಜಾಗ ನೆನಪಿಟ್ಕೊಂಡು ಕೊಡ್ತಿದ್ದೆ. ಈಗ ಜಾಗಾನೂ ಹೋಯ್ತು ಕಣಪ್ಪ.”

ಆಗ ಒಂದೊಂದೇ ನೆನಪಾಯಿತು. ಮೊದಲೆಲ್ಲ ನನ್ನ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಕಾದರೂ ಆ ಕಡೆಯಿಂದ ಕೂಗು ಬರುತ್ತಿತ್ತು: ‘ಲೋ, ಬಟ್ಟೆ ಸೀಯ್ತಾ ಐತೆ ನೋಡೋ!’ ಎರಡು ವರ್ಷದ ಹಿಂದೆ ಯಾರದೋ ರೇಷ್ಮೆ ರವಿಕೆಯ ಬೆನ್ನು ಪೂರ್ತಿ ಸುಟ್ಟು ಎದುರಂಗಡಿಯವರು ಓಡಿಬಂದರೂ ಇವರು ಸುಮ್ಮನೆ ಕೂತಿದ್ದರು. ಕಿವಿ ಮಂದವಾಗಿರಬೇಕೆಂದು ನಾನು ಆಡಿಕೊಂಡಿದ್ದೆ. ಥೂ ನನ್ನ.

ಮುಚ್ಚಿಟ್ಟರಲ್ಲ ಎಂದು ಸಿಟ್ಟು, ಕೆಡಿಸಿದೆನಲ್ಲ ಎಂದು ಸಂಕಟ, ಎರಡೂ ಸೇರಿ ನಾನು ಕೂಗಾಡಿದೆ. “ಇಷ್ಟು ವರ್ಷ ಪಕ್ಕದಲ್ಲಿ ಕೂತು ನನಗೊಂದು ಮಾತು ಹೇಳ್ಲಿಲ್ವಲ್ಲಕ್ಕ! ನಾನೇನು ತಮಟೆ ಹೊಡಿತಿದ್ನಾ?”

“ಮಗಳು ಯಶಸ್ವಿನಿಗೇ ಹೇಳಿಲ್ಲ,” ಅಂದರು. “ಮೂಗಿಲ್ದೋಳ ಹತ್ರ ಯಾರು ಬತ್ತಾರೆ?”

ಇಬ್ಬರೂ ಸೇರಿ ಡಬ್ಬಿಗಳನ್ನು ಇಳಿಸಿದೆವು. ಬೇರು, ಕಾಯಿ, ತೊಗಟೆಗಳು ಕಣ್ಣಿಗೇ ಗೊತ್ತಾದವು. ಉಳಿದದ್ದು ಇಪ್ಪತ್ತೆರಡು ಡಬ್ಬಿ ಪುಡಿ. ಎಲ್ಲವೂ ಮಣ್ಣಿನ ಬಣ್ಣ. ಅವರು ಒಂದೊಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡಿದರು. ಖಾರ ಎಂಬುದೊಂದು ಬಿಟ್ಟರೆ ಮಿಕ್ಕದ್ದು ತಿಳಿಯಲಿಲ್ಲ. ನಾನು ಮೂಸಿದೆ. ನನಗೆ ಇಪ್ಪತ್ತೆರಡೂ ನಶ್ಯದ ಹಾಗೇ ಇದ್ದವು. ನನ್ನ ಸಂಕಟ ನೋಡಿ, ಆ ಹೊತ್ತಿನಲ್ಲೂ, ಕಮಲಾಕ್ಷಮ್ಮ ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು.

“ಎಲ್ಲಾ ಚೆಲ್ಲಿ ಹೊಸದು ತರಿಸಾನ. ನಾನು ಹೋಗಿ ತತ್ತೀನಿ,” ಅಂದೆ.

“ಹೊಸದು ಹೊಸದೇ ಅಂತ ಯಾರು ಹೇಳ್ಬೇಕು? ಬೂಷ್ಟು ಹಿಡಿದಿದ್ದೋ, ಇನ್ನೇನು ಬೆರೆಸಿದ್ದೋ? ಇಷ್ಟು ದಿನ ಜಾಗ ನೋಡಿ ಕೊಟ್ಟಿದ್ದೇ ತಪ್ಪು. ಸ್ನಾನದ ಪುಡೀನೂ ಇಲ್ಲೇ ಐತೆ, ದನಕ್ಕೆ ಹಾಕೋದೂ ಇಲ್ಲೇ ಐತೆ. ಹಸುಗೂಸಿನ ಬಾಯಿಗೆ ತಪ್ಪಿದ್ದು ಹೋದ್ರೆ ನಾನು ಬದುಕಿದ್ದೂ ಸತ್ತಂಗೆ. ಸಾಕು. ಪೂಜೆ ಮಾಡಿ ಬಾಗಿಲು ಹಾಕ್ಬುಡ್ತೀನಿ.”

ಅವರು ಹಠದ ಹೆಂಗಸು. ಆಡಿದರೆ ಮಾಡುವವರೇ. ನನಗೆ ಅವತ್ತು ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ.

ಮರುದಿನ ಬಡವನಹಳ್ಳಿಯ ಕಾಟಮ್ಮ ಬಂದಳು. ಗಟ್ಟಿ ಬಾಯಿಯ ಹೆಂಗಸು; ಬೀದಿಯ ತುದಿಯಲ್ಲಿದ್ದಾಗಲೇ ಅವಳು ಬಂದದ್ದು ತಿಳಿಯುತ್ತದೆ. ಅವಳ ಮಗಳು ಗಂಗಲಕ್ಷ್ಮಿಗೆ ಇಲ್ಲೇ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು, ಹೆಣ್ಣು ಮಗು.

“ಅಮ್ಮೋರೆ, ಬಾಣಂತಿ ಸಾಮಾನು ಕಟ್ಟಿ. ಚೊಚ್ಚಲು ಕಣಮ್ಮೋ, ಒಂದೂ ಬಿಡಂಗಿಲ್ಲ.”

ಕಮಲಾಕ್ಷಮ್ಮ ಎದ್ದು ನಿಂತರು. “ಇಲ್ಲ ಕಾಟಮ್ಮ. ನಮ್ಮತ್ರ ಇಲ್ಲ,” ಅಂದರು.

ಆ ಅಂಗಡಿಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕಾಟಮ್ಮ ಗೋಡೆಯ ತುಂಬ ಇದ್ದ ಡಬ್ಬಿಗಳನ್ನು ನೋಡಿದಳು, ಅವರನ್ನು ನೋಡಿದಳು. ನಾನು ತಡೆಯಲಾರದೆ ಎದ್ದು ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಕಮಲಾಕ್ಷಮ್ಮ ನನ್ನನ್ನು ಸುಡುವ ಹಾಗೆ ನೋಡಿದರು. ನೋಡಲಿ ಎಂದು ಪೂರ್ತಿ ಹೇಳಿದೆ.

ಕಾಟಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಡಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅದಕ್ಯಾಕೆ ಇಂಗೆ ಅಳ್ತೀರಿ? ತನ್ನಿ ಇತ್ಲಾಗೆ ಡಬ್ಬೀನ. ನನ್ನ ಮೂರು ಬಾಣಂತನಕ್ಕೂ ಕೂರಿಸ್ಕೊಂಡು ಮೂಸಿಸಿದ್ರಲ್ಲ, ಬಸ್ಸು ಹೋದ್ರೂ ಬುಡದೆ! ದೊಡ್ಡ ಸೊಸೇದಕ್ಕೂ ನಾನೇ ಬಂದಿದ್ದೆ, ಮರೆತ್ರಾ?”

ಮೊದಲ ಡಬ್ಬಿ ಮೂಸಿದಳು. “ಶುಂಠಿ.” ಎರಡನೆಯದು. “ಬಜೆ. ಹಳೇದಾಗೈತೆ ಕಣಮ್ಮೋ, ಚೆಲ್ಲಿ.” ಮೂರನೆಯದಕ್ಕೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. “ಹಿಪ್ಪಲಿ. ಇದನ್ನ ತಪ್ಪು ಹೇಳಿದ್ದಕ್ಕೆ ನನ್ನ ತಲೆ ಮೇಲೆ ಮೊಟಕಿದ್ರಿ.”

ಕಮಲಾಕ್ಷಮ್ಮ ಅವಳ ಎದುರು ಕೂತು, ಹಿಂದೆ ಮಾವನವರ ಎದುರು ಕೂತಿದ್ದಂತೆಯೇ ಇರಬೇಕು, ಕೈ ಮಡಚಿಕೊಂಡು ಕೇಳುತ್ತಿದ್ದರು. ಪುಡಿಯನ್ನು ಬೆರಳಲ್ಲಿ ಉಜ್ಜಿ, ನಾಲಿಗೆಗಿಟ್ಟು, ಖಾರ ಇದ್ದದ್ದಕ್ಕೆ ಹೌದು ಅಂದರು. ಕಾಟಮ್ಮ ಎರಡು ಸಲ ತಪ್ಪಿದಳು, ನಮ್ಮ ಬೀದಿಯಲ್ಲೇ ಹೂವು ಕಟ್ಟುವ ಮಂಗಳಾ ಬಂದು ತಿದ್ದಿದಳು. ಅವಳಿಗೂ ಇಲ್ಲೇ ಪಾಠವಾಗಿತ್ತು. ಮೂರು ಡಬ್ಬಿ ಯಾರಿಗೂ ಗೊತ್ತಾಗಲಿಲ್ಲ. ಅವನ್ನು ಚೆಲ್ಲಿದೆವು.

ಗೊತ್ತಾದ ಡಬ್ಬಿಗಳ ಮೇಲೆ ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೆಸರು ಬರೆದೆ. ಸೀಮೆಸುಣ್ಣ ಕೈ ತಾಗಿದರೆ ಅಳಿಸುತ್ತದಲ್ಲ. ಅದಕ್ಕೆ ಸಂಜೆಯೊಳಗೆ ರವಿಕೆ ಹೊಲಿದು ಮಿಕ್ಕಿದ ತುಂಡುಗಳಿಂದ ಒಂದೊಂದು ಡಬ್ಬಿಗೆ ಒಂದೊಂದು ಬಣ್ಣದ ಪಟ್ಟಿ ಹೊಲಿದು, ಅದರ ಮೇಲೆ ದಾರದಲ್ಲಿ ಹೆಸರು ಹಾಕಿ ಕಟ್ಟಿದೆ. ಶುಂಠಿಗೆ ಅರಿಶಿನ ಬಣ್ಣ, ಹಿಪ್ಪಲಿಗೆ ಜರಿ ಅಂಚು. ದನದ ಪುಡಿಗೆ ಕಡುಗೆಂಪು.

“ಮಾವನೋರು ನೋಡಿದ್ರೆ ಬೈತಿದ್ರು,” ಅಂದರು ಕಮಲಾಕ್ಷಮ್ಮ.

“ಬೈಯ್ಲಿ ಬುಡಿ. ನನಗೆ ಬೈಸ್ಕೊಂಡು ಅಭ್ಯಾಸ ಐತೆ.”

ಕಾಟಮ್ಮನ ಪೊಟ್ಟಣವನ್ನು ಮಾತ್ರ ಅವರು ಎರಡು ಸಲ ಬಿಚ್ಚಿ ಕಟ್ಟಿದರು. ಕೊನೆಯ ಗಂಟು ಹಾಕಿ, ಕೊಡದೆ ಹಿಡಿದುಕೊಂಡೇ ನಿಂತರು. ಕಾಟಮ್ಮ ಕೈಯಿಂದ ಬಿಡಿಸಿಕೊಂಡು ಹೋದಳು. ಬಾಗಿಲು ಹಾಕುವ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ಆ ಮಗು ಚೆನ್ನಾಗಿರಲಿ, ಆಮೇಲೆ ನೋಡಾನ’ ಅಂದರು, ಅಷ್ಟೆ.

ಆಯುಧಪೂಜೆಯ ದಿನ ನನ್ನ ಹೊಲಿಗೆ ಮೆಷಿನ್‌ಗೆ ಕುಂಕುಮ ಇಟ್ಟು, ನಶ್ಯದ ಡಬ್ಬಿಯನ್ನು ಚರಂಡಿಗೆ ಎಸೆದೆ. ಮೂವತ್ತೆಂಟು ವರ್ಷದ ಚಟ. ಮೊದಲ ತಿಂಗಳು ತಲೆ ಸಿಡಿದು ಬರುತ್ತಿತ್ತು. ಆಗ ನನ್ನ ಹತ್ತಿರ ರವಿಕೆ ಹೊಲಿಸಿದವರ ಕ್ಷಮೆ ಕೇಳುತ್ತೇನೆ. ದಿನಾ ಬೆಳಿಗ್ಗೆ ನನ್ನ ಬಾಗಿಲು ತೆಗೆಯುವ ಮೊದಲು ಅವರ ಅಂಗಡಿಯಲ್ಲಿ ಕೂತು ಪಾಠ ಹೇಳಿಸಿಕೊಂಡೆ. ತಲೆಯ ಮೇಲೆ ನನಗೂ ಮೊಟಕಿದರು. ಹೊಸ ಮಾಲು ಬಂದ ದಿನ ಕಾಟಮ್ಮನೋ ಮಂಗಳಾಳೋ ಬಂದು ನೋಡಿಹೋಗುತ್ತಿದ್ದರು.

ಮೂರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಗಂಗಲಕ್ಷ್ಮಿಯೂ ಕಾಟಮ್ಮನೂ ಬಂದರು. ಮಗು ಗುಂಡುಗುಂಡಾಗಿತ್ತು. ಚುಚ್ಚಿಸಿಕೊಂಡ ಸಿಟ್ಟಿಗೆ ಬೀದಿಯೆಲ್ಲ ಕೇಳುವಂತೆ ಅಳುತ್ತಿತ್ತು, ಥೇಟ್ ಅಜ್ಜಿ. ಕಮಲಾಕ್ಷಮ್ಮ ಎತ್ತಿಕೊಂಡರು. ಎತ್ತಿಕೊಂಡವರು ಅಭ್ಯಾಸದಂತೆ ಅದರ ನೆತ್ತಿಗೆ ಮೂಗು ಇಟ್ಟು, ಜೋರಾಗಿ ಉಸಿರೆಳೆದು, ಹಾಗೇ ನಿಂತರು. ಏನೂ ಬಂದಿರಲಿಲ್ಲ. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

“ಓಬಳರಾಜು, ಇಲ್ಲಿ ಬಾ,” ಅಂದರು. “ನೀನು ನೋಡಿ ಹೇಳು. ಹೆಂಗೈತೆ?”

ನಾನು ಬಗ್ಗಿ ಮೂಸಿದೆ. ಹರಳೆಣ್ಣೆ, ಸಾಂಬ್ರಾಣಿ ಹೊಗೆ, ಬಜೆ, ಅದರ ಹಿಂದೆ ಒಂದಿಷ್ಟು ಹಾಲು.

“ನಿಮ್ಮ ಅಂಗಡಿ ವಾಸನೆ ಕಣಕ್ಕ,” ಅಂದೆ. “ಬೆಳಿಗ್ಗೆ ಬಾಗಿಲು ತೆಗೆದಾಗ ಬತ್ತದಲ್ಲ, ಅದೇ.”

ಅವರು ಮಗುವನ್ನು ಎದೆಗೆ ಒತ್ತಿಕೊಂಡರು. ಬಹಳ ಹೊತ್ತು ಬಿಡಲಿಲ್ಲ.

“ಅಂಗಾದ್ರೆ ಸರಿಯಾಗೇ ಕಟ್ಟಿದ್ದೀನಿ ಬುಡು,” ಅಂದರು.

ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಯಾರೋ ಒಣಶುಂಠಿ ಕೇಳುತ್ತಿದ್ದರು, ಅರಿಶಿನ ಬಣ್ಣದ ಪಟ್ಟಿಯ ಡಬ್ಬಿ ಇಳಿಸಲು ಒಳಗೆ ಹೋದರು.